ಸೋಯಾ ಬೇರಿನ ಗಂಟು: ತಪ್ಪು ಮಳೆಯದೋ, ಮಣ್ಣಿನದೋ?

ಪ್ರಶ್ನೆ: ನಾವು ಪುಣೆಯ ಹಡಪಸರದಲ್ಲಿ ನೆಲೆಸಿರುವ ವಿಜಯಪುರದ ಕಡೆಯವರು. ನಾರಾಯಣಗಾಂವದ ಬಳಿ ನಮಗೆ ಹೊಲವಿದೆ. ಹಿಂದೆ ಟೊಮೆಟೊ ಬೆಳೆದಿದ್ದ ಮರಳು ಮಿಶ್ರಿತ ಭಾಗದಲ್ಲಿ ಸೋಯಾ ಅವರೆ ಅಲ್ಲಲ್ಲಿ ಕುಳ್ಳಾಗಿ ಹಳದಿಯಾಯಿತು. ಎರೆಮಣ್ಣಿನ ಭಾಗ ಚೆನ್ನಾಗಿದೆ. ಜುಲೈ ಮಳೆಯಲ್ಲಿ ಹಸಿರಾಗಿದ್ದ ಗಿಡಗಳು ಆಗಸ್ಟಿನಲ್ಲಿ ಮಳೆ ನಿಂತ ಮೇಲೆ ಬಾಡಿದವು. ಬೇರಿನಲ್ಲಿ ಗಂಟುಗಳಿವೆ. ಇದು ಮಳೆಯ ಕೊರತೆಯೆ? ಸುಣ್ಣ ಹಾಕಿದರೆ ಸರಿಹೋಗುತ್ತದೆಯೆ?

ಉತ್ತರ: ಮೊದಲು ಗಂಟನ್ನು ಪರೀಕ್ಷಿಸಿ. ಸೋಯಾ ಬೇರಿನಲ್ಲಿ ಸಾರಜನಕ ಕೂಡಿಡುವ ಒಳ್ಳೆಯ ಗಂಟುಗಳೂ ಇರುತ್ತವೆ; ಅವು ಬೇರಿನ ಬದಿಗೆ ಅಂಟಿಕೊಂಡಿದ್ದು ಉಗುರಿನಿಂದ ಸುಲಭವಾಗಿ ಕಳಚುತ್ತವೆ, ಕತ್ತರಿಸಿದರೆ ಒಳಗೆ ನಸುಗೆಂಪಾಗಿರುತ್ತವೆ. ಬೇರೇ ಊದಿಕೊಂಡು ಗಂಟಾಗಿದ್ದು, ಕೀಳಹೋದರೆ ಬೇರೇ ಹರಿದುಬರುವುದಾದರೆ ಅದು ಬೇರುಗಂಟು ಜಂತುಹುಳುವಿನ (ಮಣ್ಣಿನಲ್ಲಿದ್ದು ಬೇರನ್ನು ಹೊಕ್ಕುವ ಸೂಕ್ಷ್ಮ ಹುಳು, ನೆಮಟೋಡ್) ಕೆಲಸ. ಟೊಮೆಟೊ ಈ ಹುಳುವಿಗೆ ಬಹಳ ಒಗ್ಗುವ ಬೆಳೆಯಾದ್ದರಿಂದ ನಿಮ್ಮ ಹೊಲದ ವಿಷಯದಲ್ಲಿ ನನಗೆ ಇದರದೇ ಅನುಮಾನ.

ನೀವು ಮಳೆ ನಿಂತ ಆಗಸ್ಟನ್ನು ದೂರುತ್ತಿದ್ದೀರಿ. ಆದರೆ ಹಾನಿಯ ಬಹುಪಾಲು ಹಸಿರಾಗಿ ಕಾಣುತ್ತಿದ್ದ ಜುಲೈನಲ್ಲಿಯೇ ನಡೆದಿರಬೇಕು. ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಮರಿಹುಳು ಮಣ್ಣಿನ ಕಣಗಳನ್ನು ಸುತ್ತಿದ ತೆಳುವಾದ ನೀರಿನ ಪದರದಲ್ಲಿ ಸರಿದು ಎಳೆಬೇರನ್ನು ಸೇರುತ್ತದೆ. ಮಣ್ಣು ಒಣಗಿದರೆ ಅದಕ್ಕೆ ದಾರಿಯಿಲ್ಲ. ನೀರು ನಿಂತು ಗಾಳಿಯಾಡದಿದ್ದರೂ ಅದು ಮಂಕಾಗುತ್ತದೆ. ಮರಳು ಮಿಶ್ರಿತ ಮಣ್ಣಿನಲ್ಲಿ ಕಣಗಳ ನಡುವಿನ ಸಂದು ದೊಡ್ಡದು, ನೀರು ಬೇಗ ಬಸಿಯುತ್ತದೆ, ಹದವಾದ ತೇವದ ಜೊತೆಗೆ ಗಾಳಿಯೂ ಉಳಿಯುತ್ತದೆ. ಹುಳುವಿಗೆ ಬೇಕಾದದ್ದು ಇಷ್ಟೇ. ಬಿಸಿಯೂ ಮುಖ್ಯ: ಮಣ್ಣಿನ ಉಷ್ಣತೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸುಮಾರು ಒಂದು ತಿಂಗಳಲ್ಲಿ ಒಂದು ತಲೆಮಾರು ಮುಗಿದು, ಒಂದೊಂದು ಹೆಣ್ಣೂ ನೂರಾರು ಮೊಟ್ಟೆಗಳನ್ನಿಡುತ್ತದೆ. ನೂರು ದಿನಗಳ ಸೋಯಾ ಬೆಳೆಯಲ್ಲಿ ಹೀಗೆ ಮೂರು ತಲೆಮಾರು ಆಗಬಹುದು. ಗಂಟುಗಟ್ಟಿದ ಬೇರು ಮಳೆಯಿರುವವರೆಗೆ ಹೇಗೋ ಗಿಡಕ್ಕೆ ನೀರು ಒದಗಿಸುತ್ತದೆ. ಮಳೆ ನಿಂತೊಡನೆ ಸೋಲುತ್ತದೆ. ಆದ್ದರಿಂದ ಒಣಹವೆ ರೋಗವನ್ನು ತರಲಿಲ್ಲ, ಒಳಗಿದ್ದದ್ದನ್ನು ಹೊರಗೆ ತೋರಿಸಿತು. ಹಾಗೆಂದು ಎರೆಮಣ್ಣನ್ನು ಪೂರ್ತಿ ನಂಬಬೇಡಿ, ಜಿಗುಟು ಮಣ್ಣಿನಲ್ಲಿ ಚೆನ್ನಾಗಿ ಬದುಕುವ ಬೇರೆ ಜಾತಿಯ ಜಂತುಹುಳುಗಳೂ ಸೋಯಾವನ್ನು ಕಾಡುತ್ತವೆ.

ಸುಣ್ಣ ಇದಕ್ಕೆ ಮದ್ದಲ್ಲ. ಮಣ್ಣಿನ ರಸಸಾರದ, ಅಂದರೆ ಹುಳಿ-ಕ್ಷಾರದ ಮಟ್ಟದ, ಬಗ್ಗೆ ನೀವು ಓದಿರಬಹುದಾದದ್ದು ಹೆಚ್ಚಾಗಿ ಅಮೆರಿಕದ ಸೋಯಾ ಹೊಲಗಳನ್ನು ಕಾಡುವ ಸಿಸ್ಟ್ ಎಂಬ ಬೇರೆ ಜಂತುಹುಳುವಿಗೆ ಸಂಬಂಧಿಸಿದ್ದು. 1954ರಲ್ಲಿ ಅಲ್ಲಿನ ಉತ್ತರ ಕೆರೊಲಿನಾದಲ್ಲಿ ಕಂಡ ಆ ಹುಳು ಕ್ಷಾರ ಹೆಚ್ಚಿದ ಮಣ್ಣಿನಲ್ಲಿಯೇ ಹೆಚ್ಚಾಗುತ್ತದೆ; ಸುಣ್ಣ ಹೆಚ್ಚಿಸುವುದೂ ಕ್ಷಾರವನ್ನೇ. ಮಣ್ಣಿನ ಪರೀಕ್ಷೆಯಲ್ಲಿ ಹುಳಿ ಕಂಡುಬಂದರೆ ಮಾತ್ರ ಸುಣ್ಣದ ಮಾತು.

ಹುಳುವಿಗೆ ತೇವ ಎಷ್ಟು ಬೇಕೋ ನಿಮಗೆ ಬಿಸಿಲು ಅಷ್ಟೇ ನೆರವಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಸಲ ಆಳವಾಗಿ ಉತ್ತು, ಮಣ್ಣನ್ನು ಬಿಸಿಲಿಗೆ ಬಿಡಿ. ಮೊಟ್ಟೆಗಳೂ ಮರಿಗಳೂ ಒಣಗಿ ಸಾಯುತ್ತವೆ. ಬಿತ್ತನೆಗೆ ಎರಡು ಮೂರು ವಾರ ಮೊದಲು ಬೇವಿನ ಹಿಂಡಿಯನ್ನು ಮಣ್ಣಿಗೆ ಸೇರಿಸಿ. ಆ ಭಾಗದಲ್ಲಿ ಟೊಮೆಟೊ, ಬದನೆ, ಬೆಂಡೆ ಸದ್ಯಕ್ಕೆ ಬೇಡ. ಒಂದು ಹಂಗಾಮು ಚೆಂಡು ಹೂವನ್ನು ಒತ್ತಾಗಿ ಬೆಳೆಯಿರಿ. ಅದರ ಬೇರು ಈ ಹುಳುವನ್ನು ಹತ್ತಿಕ್ಕುತ್ತದೆ, ದಸರೆ ಮತ್ತು ದೀಪಾವಳಿಗೆ ಪುಣೆಯ ಪೇಟೆಯಲ್ಲಿ ಹೂವಿಗೆ ಬೇಡಿಕೆಯೂ ಇದೆ. ಹುಳು ತಾನಾಗಿ ದೂರ ಹೋಗಲಾರದು, ನೇಗಿಲಿಗೂ ಟ್ರ್ಯಾಕ್ಟರ್ ಚಕ್ರಕ್ಕೂ ಅಂಟಿದ ಮಣ್ಣಿನೊಡನೆ ಹೋಗುತ್ತದೆ. ಆದ್ದರಿಂದ ರೋಗವಿರುವ ಭಾಗವನ್ನು ಕೊನೆಯಲ್ಲಿ ಉತ್ತು, ಸಾಧನಗಳನ್ನು ತೊಳೆಯಿರಿ.

ಇದಕ್ಕೂ ಮೊದಲು ಹುಳುವಿನ ಜಾತಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಪೂರ್ತಿ ಸತ್ತ ಗಿಡದ ಬುಡದಿಂದ ಮಣ್ಣು ತೆಗೆಯಬೇಡಿ. ಹಳದಿಯಾದ ತೇಪೆಯ ಅಂಚಿನಲ್ಲಿ, ಇನ್ನೂ ಜೀವವಿರುವ ಗಿಡಗಳ ಬೇರನ್ನು ಮಣ್ಣಿನೊಡನೆ ಅಗೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗದಂತೆ, ಒಣಗದಂತೆ ಅದೇ ದಿನ ನಾರಾಯಣಗಾಂವದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು, ಪರೀಕ್ಷೆ ಎಲ್ಲಿ ನಡೆಯುತ್ತದೆಂದು ವಿಚಾರಿಸಿ.