ಮಲ್ಪೆಯಲ್ಲಿ ಮೀನು ಸಾಗಿಸುವ ಹಳೆಯ ಪಿಕಪ್‌ನ ಹಿಂಬದಿ ತಳ ತುಕ್ಕು ಹಿಡಿದಿದೆ. ಸರಿಪಡಿಸುವುದು ಹೇಗೆ?

ಮೊದಲು ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಅಡಿ ನೋಡಿ. ಮೇಲಿನ ತಗಡಿಗಿಂತ ಅದನ್ನು ಹೊತ್ತಿರುವ ಅಡ್ಡಪಟ್ಟಿಗಳೇ ಮುಖ್ಯ. ಚುಚ್ಚಿದಾಗ ಅವು ಹಪ್ಪಳದಂತೆ ಮುರಿದರೆ ಬಣ್ಣದ ಖರ್ಚು ದಂಡ. ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡಿಸಲೇಬೇಕು. ಅದಕ್ಕೆ ಮುನ್ನ ಬ್ಯಾಟರಿಯ ತಂತಿ ಕಳಚಿಸಿ.

ತೂತಿನ ಮೇಲೆ ಚೆಕರ್ ಪ್ಲೇಟ್ (ಉಬ್ಬುಗೆರೆಗಳಿರುವ ತಗಡು) ಹೊದಿಸಿ ಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಎರಡು ತಗಡುಗಳ ನಡುವೆ ನಿಂತು ತುಕ್ಕು ಇನ್ನೂ ಬೇಗ ಹಬ್ಬುತ್ತದೆ.

ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಲೋಹ ಹೊಳೆಯುವವರೆಗೆ ಉಜ್ಜಿ. ಉಪ್ಪು ಉಳಿದರೆ ಬಣ್ಣದಡಿಯಲ್ಲೇ ಗುಳ್ಳೆ ಏಳುತ್ತದೆ. ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ, ತೊಳೆದು ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ, ತುಕ್ಕು ತಡೆಯುವ ಲೇಪ) ಬಳಿಯಿರಿ. ಕರಾವಳಿಯ ಗಾಳಿಯಲ್ಲಿ ಬರಿಯ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ನೀರು ಹೋಗುವ ರಂಧ್ರಗಳನ್ನು ಬಣ್ಣದಿಂದ ಮುಚ್ಚಬೇಡಿ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಗಾಡಿ ಬಿಡುವಾಗಿರುತ್ತದೆ, ನಿಜ. ಆದರೆ ಆ ತೇವದಲ್ಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಬಾಡಿಗೆ ತಪ್ಪಿದರೂ ಡಿಸೆಂಬರ್, ಜನವರಿಯ ಒಣಹವೆಯಲ್ಲಿ ನಾಲ್ಕು ದಿನ ನಿಲ್ಲಿಸುವುದೇ ಲಾಭ.