ಬ್ಲಡ್ ಬೌಲ್ ಬೋರ್ಡ್ ಗೇಮ್ ತರಹದ ಚೆಂಡಾಟ ನಿಜವಾಗಿ ಎಲ್ಲಾದರೂ ಇದೆಯಾ?

ಇದೆ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಹೆಸರು ಕಾಲ್ಚೋ ಸ್ತೋರಿಕೊ. ಬ್ಲಡ್ ಬೌಲ್‌ನಲ್ಲಿ ಓರ್ಕ್, ಎಲ್ಫ್‌ನಂಥ ಕಟ್ಟುಕಥೆಯ ಜೀವಿಗಳು ಚೆಂಡಿಗಿಂತ ಜಾಸ್ತಿ ಎದುರಾಳಿಯ ಮೇಲೇ ಬೀಳುತ್ತವೆ ಅಲ್ವಾ? ಇಲ್ಲಿ ಮನುಷ್ಯರು ಅದನ್ನೇ ಮಾಡುತ್ತಾರೆ.

ಜೂನ್ ತಿಂಗಳಲ್ಲಿ ಸಾಂತಾ ಕ್ರೋಚೆ ಚರ್ಚಿನ ಮುಂದಿನ ಚೌಕಕ್ಕೆ ಮರಳು ಸುರಿದು ಅಂಕಣ ಮಾಡುತ್ತಾರೆ. ಊರಿನ ನಾಲ್ಕು ಭಾಗಗಳಿಗೆ ನಾಲ್ಕು ತಂಡ: ನೀಲಿ, ಕೆಂಪು, ಬಿಳಿ, ಹಸಿರು. ಒಂದೊಂದು ಕಡೆ 27 ಜನ, ಆಟ 50 ನಿಮಿಷ. ಗಾಯವಾಗಿ ಹೊರಗೆ ಹೋದರೂ ಬದಲಿ ಆಟಗಾರನಿಲ್ಲ.

ಆಟ ಶುರುವಾದರೂ ಮುಂದಿನ ಸಾಲಿನವರು ಚೆಂಡಿನ ಕಡೆ ತಿರುಗಿ ನೋಡುವುದಿಲ್ಲ. ಜೋಡಿ ಜೋಡಿಯಾಗಿ ಮುಷ್ಟಿ ಎತ್ತಿ ನಿಲ್ಲುತ್ತಾರೆ. ಒಬ್ಬನನ್ನು ಮರಳಿಗೆ ಕೆಡವಿ ಅವನ ಮೇಲೆ ಕೂತರೆ ಅಲ್ಲೊಂದು ದಾರಿ ತೆರೆಯಿತು ಅಂತ ಲೆಕ್ಕ. ಚೆಂಡು ಹಿಡಿದವನು ಆ ಸಂದಿಯಲ್ಲಿ ನುಗ್ಗುತ್ತಾನೆ. ಬೋರ್ಡ್ ಮೇಲೆ ಆಡಿದವರಿಗೆ ಈ ಉಪಾಯ ತಕ್ಷಣ ಗುರುತು ಸಿಗುತ್ತದೆ. ಗೋಲಿಗೆ 'ಕಾಚ್ಚಾ' ಅಂತಾರೆ. ಚೆಂಡು ಬಲೆಯ ಮೇಲಿಂದ ಹಾರಿಹೋದರೆ ಎದುರಾಳಿಗೆ ಅರ್ಧ ಕಾಚ್ಚಾ!

ಸುಮ್ನೆ ಬೀದಿ ಜಗಳ ಅಂದುಕೊಳ್ಳಬೇಡಿ. ಒಬ್ಬನ ಮೇಲೆ ಇಬ್ಬರು ಬೀಳುವಂತಿಲ್ಲ, ತಲೆಗೆ ಒದೆಯುವಂತಿಲ್ಲ. 1530ರ ಫೆಬ್ರವರಿ 17ರಂದು, ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ಊರಿಗೆ ಮುತ್ತಿಗೆ ಹಾಕಿದ್ದಾಗ, ಹಸಿದಿದ್ದ ಜನ ಶತ್ರುವಿನ ಕಣ್ಣೆದುರೇ ಇದೇ ಚೌಕದಲ್ಲಿ ಆಡಿ ತೋರಿಸಿದ್ದರು. ಈ ಆಟ ನನಗೆ ಇಷ್ಟವಾಗುವುದೇ ಆ ಛಲಕ್ಕೆ. ನಡುವೆ ನಿಂತುಹೋಗಿದ್ದ ಆಟ 1930ರಲ್ಲಿ ಮತ್ತೆ ಶುರುವಾಯಿತು.

ಬ್ಲಡ್ ಬೌಲ್ ಇದನ್ನು ನೋಡಿ ಮಾಡಿದ್ದಲ್ಲ. 1986ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ತಂದ ಆ ಆಟದ ಬೇರು ಅಮೆರಿಕನ್ ಫುಟ್‌ಬಾಲ್‌ನಲ್ಲಿದೆ.