ತಂಬೊನ್ ಎಂದರೆ ನಮ್ಮ ಗ್ರಾಮ ಪಂಚಾಯಿತಿಯೇ?

ಪ್ರಶ್ನೆ: ಸ್ಕೂಬಾ ಡೈವಿಂಗ್ ಕಲಿಯಲು ಥಾಯ್ಲೆಂಡಿನ ಕೊ ತಾವ್ ದ್ವೀಪಕ್ಕೆ ಹೋಗಿದ್ದೆ. ವಸತಿಗೃಹದ ವಿಳಾಸದಲ್ಲಿ ‘ಮು 3, ತಂಬೊನ್ ಕೊ ತಾವ್, ಅಂಫೋ ಕೊ ಫಂಗನ್, ಚಂಗ್ವತ್ ಸುರತ್ ಥಾನಿ’ ಎಂದಿತ್ತು. ದೋಣಿಕಟ್ಟೆಯಲ್ಲಿ ತಲಾ 20 ಬಾತ್ ಪಡೆದದ್ದು ಪುರಸಭೆ ಎಂದರು; ಊರಿನ ಹಿರಿಯ ‘ಕಮ್ನನ್’ ಎಂದೂ ಹೇಳಿದರು. ಹಾಗಾದರೆ ಅಲ್ಲಿ ಆಡಳಿತ ಯಾರದು?

ಉತ್ತರ: ಆ ವಿಳಾಸವನ್ನು ಕೊನೆಯಿಂದ ಓದಿಕೊಂಡು ಬನ್ನಿ. ಚಂಗ್ವತ್ ಎಂದರೆ ಪ್ರಾಂತ್ಯ, ಅಂಫೋ ಎಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು, ತಂಬೊನ್ ಅದರ ಕೆಳಗಿನ ಹೋಬಳಿಯಂಥ ಘಟಕ, ‘ಮು 3’ ಎಂಬುದು ತಂಬೊನ್ನಿನೊಳಗಿನ ಮೂರನೆಯ ಗ್ರಾಮ. ಸುರತ್ ಥಾನಿ ನಮ್ಮ ಕಿವಿಗೆ ಪರಿಚಿತವೆನಿಸಿದರೆ ಅದಕ್ಕೆ ಕಾರಣವಿದೆ: 1915ರಲ್ಲಿ ದೊರೆ ವಜಿರಾವುಧ ಇಟ್ಟ ಈ ಹೆಸರು ಸಂಸ್ಕೃತದ ‘ಸುರಾಷ್ಟ್ರ’ದಿಂದ ಬಂದದ್ದು, ಮತ್ತು ಅಲ್ಲಿನ ತಾಪಿ ನದಿಗೆ ಗುಜರಾತಿನ ಸೂರತ್ ಬಳಿಯ ತಾಪಿಯ ಹೆಸರನ್ನೇ ಇಡಲಾಗಿದೆ.

ಕೊ ತಾವ್ ತಂಬೊನ್ನಿನ ವಿಸ್ತಾರ ಸುಮಾರು 21 ಚದರ ಕಿಲೋಮೀಟರ್. ಪೂರ್ವದ ಕರಾವಳಿ ಗ್ರಾನೈಟ್ ಬಂಡೆಗಳ ಕಡಿದಾದ ಇಳಿಜಾರಾದ್ದರಿಂದ ಜನವಸತಿಯ ಬಹುಪಾಲು ಪಶ್ಚಿಮದ ಸಾಯ್ ರಿ, ದೋಣಿಕಟ್ಟೆಯಿರುವ ಮೇ ಹಾತ್ ಮತ್ತು ದಕ್ಷಿಣದ ಛಲೋಕ್ ಬಾನ್ ಕಾವ್ ಗ್ರಾಮಗಳಲ್ಲಿ ನೆಲೆ ನಿಂತಿದೆ. ಹತ್ತಿರದ ಮುಖ್ಯಭೂಮಿ ಚುಂಫೊನ್ ಪ್ರಾಂತ್ಯದ್ದು. ದ್ವೀಪ ಮಾತ್ರ ಸುರತ್ ಥಾನಿಗೆ ಸೇರಿದೆ, ಅಂಫೋ ಕಚೇರಿಯ ಕೆಲಸವಿದ್ದವರು ಸಮುದ್ರ ದಾಟಿ ಕೊ ಫಂಗನ್‌ಗೆ ಹೋಗಬೇಕು. ಇಂಥ ಊರಿಗೆ ತನ್ನದೇ ಸ್ಥಳೀಯ ಸಂಸ್ಥೆ ಏಕೆ ಬೇಕೆಂಬುದು ನಕ್ಷೆ ನೋಡಿದರೇ ತಿಳಿಯುತ್ತದೆ.

ನಿಮ್ಮ ಗೊಂದಲದ ಮೂಲವೆಂದರೆ, ಒಂದೇ ನೆಲದ ಮೇಲೆ ಎರಡು ಆಡಳಿತಗಳು ಜೊತೆಜೊತೆಗೆ ನಡೆಯುತ್ತಿರುವುದು. ಹಳೆಯದು ಮೇಲಿನಿಂದ ಇಳಿದುಬಂದದ್ದು: ಗೃಹ ಸಚಿವಾಲಯ, ಪ್ರಾಂತ್ಯದ ರಾಜ್ಯಪಾಲ, ಅಂಫೋ ಅಧಿಕಾರಿ, ಆಮೇಲೆ ತಂಬೊನ್ನಿನ ಮುಖ್ಯಸ್ಥನಾದ ಕಮ್ನನ್, ಕೊನೆಗೆ ಗ್ರಾಮದ ಮುಖ್ಯಸ್ಥನಾದ ಫು ಯಾಯ್ ಬಾನ್. ಇದಕ್ಕೆ 1897ರ ಕಾನೂನು ಅಡಿಪಾಯ ಹಾಕಿತು, 1914ರ ಕಾಯ್ದೆ ಇಂದಿಗೂ ತಿದ್ದುಪಡಿಗಳೊಂದಿಗೆ ಜಾರಿಯಲ್ಲಿದೆ. ಫು ಯಾಯ್ ಬಾನ್‌ನನ್ನು ಗ್ರಾಮಸ್ಥರು ಚುನಾಯಿಸುತ್ತಾರೆ. ಆ ಮುಖ್ಯಸ್ಥರು ತಮ್ಮಲ್ಲೊಬ್ಬರನ್ನು ಕಮ್ನನ್ ಆಗಿ ಆರಿಸುತ್ತಾರೆ. ಇಬ್ಬರೂ 60 ವರ್ಷ ತುಂಬುವವರೆಗೆ ಹುದ್ದೆಯಲ್ಲಿರಬಹುದು. ಜಗಳ ಬಗೆಹರಿಸುವುದು, ಶಾಂತಿ ಕಾಪಾಡುವುದು, ಸರ್ಕಾರದ ಆದೇಶವನ್ನು ಮನೆಮನೆಗೆ ಮುಟ್ಟಿಸುವುದು ಅವರ ಕೆಲಸ. ವಂಶಪಾರಂಪರ್ಯದ ಮಾತು ಬಿಟ್ಟರೆ ನಮ್ಮ ಹಿಂದಿನ ಪಟೇಲರನ್ನು ನೆನೆದುಕೊಳ್ಳಬಹುದು.

ಎರಡನೆಯದು ಚುನಾಯಿತ ಸ್ಥಳೀಯ ಸಂಸ್ಥೆ, ನಮ್ಮ ಪಂಚಾಯಿತಿಗೆ ಹತ್ತಿರವಾದದ್ದು ಇದೇ. ಬಹುತೇಕ ಗ್ರಾಮೀಣ ತಂಬೊನ್‌ಗಳಿಗೆ 1994ರ ಕಾಯ್ದೆಯಡಿ ಆಡಳಿತ ಸಂಸ್ಥೆಗಳು ಬಂದವು. ಕೊ ತಾವ್‌ನಲ್ಲಿ ಅದರ ಬದಲು ತಂಬೊನ್ ದರ್ಜೆಯ ‘ಥೇಸಬಾನ್’, ಅಂದರೆ ಪುರಸಭೆ, ಇದೆ. ಅದಕ್ಕೆ 12 ಸದಸ್ಯರ ಪರಿಷತ್ತು, ಜನರೇ ನೇರವಾಗಿ ಆರಿಸುವ ‘ನಾಯೊಕ್’ (ನಮ್ಮ ‘ನಾಯಕ’ ಶಬ್ದವೇ), ನಾಲ್ಕು ವರ್ಷಗಳ ಅವಧಿ. ಕಸ, ರಸ್ತೆ, ನೀರು, ದೋಣಿಕಟ್ಟೆಯ ನಿಮ್ಮ 20 ಬಾತ್ ಎಲ್ಲವೂ ಇದರ ಲೆಕ್ಕಕ್ಕೆ. ಸರ್ಕಾರದ ಅನುದಾನದಲ್ಲಿ ನೋಂದಾಯಿತ ನಿವಾಸಿಗಳ ಸಂಖ್ಯೆಗೆ ತೂಕವಿದೆ. ಪ್ರವಾಸಿಗಳು ಬಿಟ್ಟುಹೋಗುವ ಕಸಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ಆದ್ದರಿಂದ ಈ ಶುಲ್ಕ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ.

ಊರು ಬೆಳೆದು ಪುರಸಭೆ ಪಟ್ಟಣದ ದರ್ಜೆಗೇರಿದರೆ ಕಮ್ನನ್ ಹುದ್ದೆಯೇ ರದ್ದಾಗುತ್ತದೆ. ಕೊ ತಾವ್ ಇನ್ನೂ ಆ ದರ್ಜೆಗೇರದ ಕಾರಣ ನಿಮ್ಮ ಕಿವಿಗೆ ಎರಡೂ ಹೆಸರುಗಳು ಬಿದ್ದವು.